ಸೀಕಿನ ಹುಳ ಆಯದ ಪಟ್ಟಿ

ಚಿಕ್ಕಬಸಮ್ಮ ಕುಳಿತು ಮಾತಾಡಿದ್ದನ್ನು ನಾನು ನೋಡೇ ಇರಲಿಲ್ಲ. ಮಾಂಬಳ್ಳಿಯಿಂದ ಬಸ್ಸಿನಲ್ಲಿ ಬಂದು, ಕೊಳ್ಳೇಗಾಲದ ನನ್ನ ಹೂಡಿಕೆ ಏಜೆಂಟ್ ಆಫೀಸಿನ ಬಾಗಿಲಲ್ಲೇ ನಿಂತು, ‘ಪ್ರಸಾದಪ್ಪಾ, ನನ್ ದುಡ್ಡು ಇವತ್ತೆಷ್ಟಾಗದೆ?’ ಅನ್ನುತ್ತಿದ್ದರು. ವಾರಕ್ಕೆರಡು ಸಲ! ತಲೆ ಚಿಟ್ಟು ಹಿಡಿಯುತ್ತಿತ್ತು.

ಮೂವತ್ತು ವರ್ಷದಿಂದ ರೇಷ್ಮೆ ಹುಳು ಸಾಕುವವರು. ಮನೆಗಿರುವ ಒಂದೇ ಕೋಣೆ ಹುಳುಗಳದ್ದು. ಅವರು ಮಲಗುವುದು ಜಗುಲಿಯಲ್ಲಿ. ಹುಳುಗಳಿಗೆ ಬೇರೆ ಮನೆ ಕಟ್ಟಿಸಿ, ತಾನು ಒಳಗೆ ಮಲಗಬೇಕು ಅನ್ನುವುದೊಂದೇ ಆಸೆ. ಗೂಡು ಮಾರಿ ಕೂಡಿಟ್ಟ ಎರಡು ಲಕ್ಷ ಅದಕ್ಕೆ ಸಾಲದು. ಬೆಳೆಯಲಿ ಎಂದು ನನ್ನ ಮಾತು ನಂಬಿ ಒಂದು ಹೂಡಿಕೆ ಟ್ರಸ್ಟಿಗೆ ಹಾಕಿದರು. ಇಪ್ಪತ್ತು ಕಂಪನಿಯ ಷೇರು, ಐದು ವರ್ಷದ ಗಡುವು. ‘ದೊಡ್ಡ ದೊಡ್ಡವರು ನೋಡ್ಕೊಳ್ತಾರೆ ಅವ್ವಾ’ ಅಂದಿದ್ದೆ. ಬಾಯಿಗೆ ಬಂದದ್ದು ಅಂದುಬಿಟ್ಟೆ, ಇನ್ನೇನು ಹೇಳಲಿ.

ಎರಡನೇ ವರ್ಷ ಅದರಲ್ಲೊಂದು ಕಂಪನಿ ಮುಗ್ಗರಿಸಿತು. ಟೀವಿಯಲ್ಲಿ ಹೆಸರು ಕೇಳಿದ ಮರುದಿನವೇ ಓಡಿಬಂದರು.

‘ಅದೊಂದ ಎತ್ತಾಕ್ಸು. ತಟ್ಟೇಲಿ ಒಂದ್ ಹುಳಕ್ಕೆ ಸೀಕು ಬಂದ್ರೆ ಆಯ್ದು ಸುಣ್ಣದ ನೀರ್ಗಾಕ್ತೀವಿ. ಬುಟ್ರೆ ತಟ್ಟೆನೇ ಓಯ್ತದೆ.’

‘ಇದು ಹಂಗಲ್ಲ ಅವ್ವಾ. ಶುರುನಲ್ಲಿ ಆರಿಸಿದ ಪಟ್ಟಿ ಕೊನೆವರ್ಗೂ ಅದೇ. ಬಿತ್ತು ಅಂತ ತೆಗೆಯಲ್ಲ, ಹೊಸದು ಸೇರ್ಸಲ್ಲ. ಅದಕ್ಕೇ ಖರ್ಚು ಕಮ್ಮಿ. ಉಳಿದ ಹತ್ತೊಂಬತ್ತಕ್ಕೆ ಈ ಸೀಕು ಅಂಟಲ್ಲ. ಬೇಕಾದ್ರೆ ನಿಮ್ ದುಡ್ಡನ್ನೇ ಇವತ್ತಿನ ಬೆಲೆಗೆ ಪೂರ್ತಿ ವಾಪಸ್ ತಗೋಬೋದು. ನಷ್ಟ ಆಯ್ತದೆ.’

‘ಮತ್ತೆ ನೋಡ್ಕತಾರೆ ಅಂದಲ್ಲಾ, ಏನ್ ನೋಡ್ತಾರೆ?’

ನಾಚಿಕೆಯಾಯಿತು. ನಾಚಿಕೆಗೇ ಸಿಟ್ಟೂ ಬಂತು. ‘ಹುಳ ಚಂದ್ರಿಕೆ ತಟ್ಟೇಲಿ ಗೂಡು ಕಟ್ಟೋವಾಗ ಅದನ್ನ ಮುಟ್ತೀರಾ? ಸುಮ್ನೆ ಕಾಯಲ್ವಾ?’ ಎಂದು ರೇಗಿದೆ.

ಅವರು ಅವತ್ತೇ ಮೊದಲು ಕುರ್ಚಿ ಎಳೆದು ಕೂತದ್ದು.

‘ಕಾಯ್ತೀವಿ ಕಣಪ್ಪ, ಮುಟ್ಟಾಕಿಲ್ಲ. ಆದ್ರೆ ಸೀಕಿನವ ಆಯ್ದ ಮ್ಯಾಲೇ ಚಂದ್ರಿಕೆಗೆ ಬುಡೋದು.’ ನನ್ನ ಮುಖವನ್ನೇ ನೋಡಿದರು. ‘ಓಗ್ಲಿ, ನಿನ್ ದುಡ್ಡೂ ಇದ್ರೊಳಗೇ ಅದಾ?’

ಇಲ್ಲ ಎಂದೆ.

‘ದುಡ್ ವಾಪಸ್ ತಗಳೋ ಪಾರಂ ಕೊಡು.’

ಹದಿನೆಂಟು ಸಾವಿರ ಕಳೆದುಕೊಂಡು ಹೋದರು. ಆರು ತಿಂಗಳಾಯಿತು, ಈ ಕಡೆ ತಲೆ ಹಾಕಿಲ್ಲ. ಆ ಒಂದು ಕಂಪನಿ ಇನ್ನೂ ಎದ್ದಿಲ್ಲ. ಉಳಿದವು ಏರಿ, ಆ ನಷ್ಟ ಪೂರ್ತಿ ತುಂಬಿಬಿಟ್ಟಿವೆ. ಬೆಲೆಯನ್ನು ಈಗ ದಿನಕ್ಕೆ ನಾಲ್ಕು ಸಲ ನಾನೇ ನೋಡುತ್ತೇನೆ. ಏರಿದಾಗಲೆಲ್ಲ ಅವರಿಗೆ ಫೋನ್ ಮಾಡಲು ನಂಬರ್ ಒತ್ತಿ, ಹಾಗೇ ಕತ್ತರಿಸುತ್ತೇನೆ. ಮೊನ್ನೆ ಯಳಂದೂರಿಗೆ ಹೋಗುವಾಗ ಬಸ್ಸಿನಿಂದ ಅವರ ಮನೆ ಕಂಡಿತು. ಹಾಸಿಗೆ ಇನ್ನೂ ಜಗುಲಿಯಲ್ಲೇ ಇದೆ.