ಸೈರನ್ ಮೊದಲೇ ಮೊಳಗುತ್ತದೆ ಎಂದಿದ್ದೆ

ಸರೋಜಾ, ನಾನು ನಿನಗೆ ಸುಳ್ಳು ಹೇಳಿದ್ದೆ. ತಿಳಿಯದೆ ಅಲ್ಲ — ತಿಳಿದೇ.

ತೊಂಬತ್ತೊಂದರ ಜನವರಿ. ನಿನ್ನ ಗಂಡ ಶ್ರೀಧರ ಬಾಗ್ದಾದಿನಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ಫೋರ್ಟಿನ ನಮ್ಮ ಆಫೀಸಿನ ಸಾಹೇಬರ ಕಾಲು ಹಿಡಿದು ಆ ಕೆಲಸ ಕೊಡಿಸಿದ್ದವನು ನಾನು. ಯುದ್ಧ ಇಂದೋ ನಾಳೆಯೋ ಎನ್ನುವಂತಿತ್ತು. ಜೋರ್ಡಾನಿಗೆ ಹೊರಟ ಬಸ್ಸಿನಲ್ಲಿ ಅವನಿಗೊಂದು ಸೀಟು ಸಿಕ್ಕಿತ್ತು. ಹೊರಡಲೋ ಬೇಡವೋ ಎಂದು ಅವನು ಫೋನಿನಲ್ಲಿ ನಿನ್ನನ್ನು ಕೇಳಿದ. ನೀನು ದಹಿಸರಿನಿಂದ ಲೋಕಲ್ ರೈಲು ಹಿಡಿದು, ನನ್ನನ್ನು ಕೇಳಲು ಮಾಟುಂಗದ ನಮ್ಮ ಮನೆಗೆ ಬಂದೆ.

"ಅಣ್ಣ, ರಡಾರಿಗೆ ಕಾಣದ ವಿಮಾನ ಇದೆಯಂತಲ್ಲ. ಅದು ಬಂದ್ರೆ ಇವರಿಗೆ ಗೊತ್ತಾಗೋದು ಹೇಗೆ?"

ರಡಾರ್ ಓದಿದವನು ನಾನು. ಆ ವಿಮಾನದ ಮೈಯೆಲ್ಲ ಓರೆ ಓರೆ ಹಲಗೆಗಳು — ತಾಗಿದ ಅಲೆ ಬಂದ ದಾರಿಯಲ್ಲಿ ಮರಳದೆ ಬೇರೆಲ್ಲೋ ಚದುರುತ್ತದೆ. ಉಳಿದದ್ದನ್ನು ಮೇಲಿನ ಲೇಪ ಹೀರಿಕೊಳ್ಳುತ್ತದೆ. ಎಂಜಿನ್ನಿನ ಬಿಸಿಗಾಳಿಗೆ ತಣ್ಣನೆಯ ಗಾಳಿ ಬೆರೆಸಿ, ಚಪ್ಪಟೆ ಸೀಳಿನಿಂದ ಹೊರಬಿಡುತ್ತಾರೆ. ಬಣ್ಣ ಕಪ್ಪು, ಹಾರಾಟ ಕತ್ತಲಲ್ಲಿ. ಸದ್ದು ಕಿವಿಗೆ ಬೀಳುವಷ್ಟರಲ್ಲಿ... ಬಾಂಬು ಬಿದ್ದ ಮೇಲೆಯೇ ಸೈರನ್ ಮೊಳಗೀತು. ಇದೆಲ್ಲ ನನಗೆ ಗೊತ್ತಿತ್ತು.

ಆದರೆ ಅವನು ಕೆಲಸ ಅರ್ಧಕ್ಕೇ ಬಿಟ್ಟು ಬಂದರೆ, ಸಾಹೇಬರ ಮುಂದೆ ನನ್ನ ಮುಖ — ನಾನು ಯೋಚಿಸಿದ್ದು ಅಷ್ಟೇ.

"ಅದೆಲ್ಲ ಪೇಪರಿನವರ ಕಥೆ. ಸೈರನ್ ಮೊದಲೇ ಮೊಳಗುತ್ತೆ, ನೆಲಮಾಳಿಗೆಗೆ ಇಳಿಯೋಕೆ ಬೇಕಾದಷ್ಟು ಹೊತ್ತಿರುತ್ತೆ. ಅಲ್ಲೇ ಇರೋಕೆ ಹೇಳು," ಎಂದೆ.

ನೀನು ಹೇಳಿದೆ. ಅವನು ಉಳಿದ.

ಮೊದಲ ದಾಳಿಯಲ್ಲೇ ಅವನ ಪಕ್ಕದ ಕಟ್ಟಡ ಉರುಳಿತು. ಸೈರನ್ ನಂಬಿ ತನ್ನ ಕಟ್ಟಡದ ಮೇಲಿನ ಮಹಡಿಯಲ್ಲೇ ಮಲಗಿದ್ದವನ ಬಲಗೈಯನ್ನು ಕಿಟಕಿಯ ಗಾಜು ಸೀಳಿತು. ಆ ಬೆರಳುಗಳು ಮತ್ತೆ ಪೆನ್ಸಿಲ್ ಹಿಡಿಯಲಿಲ್ಲ.

ಅವನನ್ನು ಮನೆಗೆ ಕರೆತಂದ ದಿನ ನೀನು, "ಸೈರನ್ ಆಮೇಲೆ ಮೊಳಗಿತಂತೆ. ನೀನಾದ್ರೂ ಏನು ಮಾಡ್ತಿದ್ದೆ, ಅಣ್ಣ," ಎಂದು ನನ್ನನ್ನೇ ಸಮಾಧಾನಪಡಿಸಿದೆ. ನಾನು ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದು — ಆ ಸುಳ್ಳಿಗಿಂತಲೂ ಹೀನ.

ನನ್ನ ಮಗಳ ಮದುವೆಯಲ್ಲಿ, ಎಡಗೈಯಲ್ಲಿ ಅಕ್ಷತೆ ಹಾಕುವುದು ಹೇಗೆಂದು ಅವನು ಹಿಂದೆ ಸರಿದು ನಿಂತಿದ್ದ. ನೀನು ಅವನ ಪಕ್ಕ ಹೋಗಿ ನಿಂತೆ. "ಅಲ್ಲೇ ಇರಿ ಅಂದವಳು ನಾನೇ," ಎಂದು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಅಂದಿದ್ದೀಯೋ. ಪ್ರತಿ ಸಲವೂ ನಾನು ಅಲ್ಲೇ ಇದ್ದೆ, ಸುಮ್ಮನಿದ್ದೆ.

ಇನ್ನು ಸುಮ್ಮನಿರಲಾರೆ. ಈ ಭಾನುವಾರ ದಹಿಸರಿಗೆ ಬರುತ್ತೇನೆ. ನಿನ್ನ ಎದುರಿಗೇ ಶ್ರೀಧರನಿಗೆ ಹೇಳುತ್ತೇನೆ — "ನಿನ್ನನ್ನು ಅಲ್ಲಿ ಉಳಿಸಿದ್ದು ಇವಳಲ್ಲ, ನಾನು." ಆಮೇಲೆ ನೀವಿಬ್ಬರೂ ನನ್ನನ್ನು ಹೊರಗೆ ಕಳಿಸಿದರೆ, ಹೋಗುತ್ತೇನೆ.