ಸೂಜಿದಾರ ಬರೆದ ಇನ್ನೂರ ಆರು ವಾಕ್ಯ

ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂರುವ ಹೆಂಗಸಿನ ಕತೆ ಇದು. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮೂರು ಮಡಿಕೆ ಮಡಚಿದರೆ ಹದಿನಾರು ಪುಟದ ಒಂದು ಫಾರಂ ಆಗುತ್ತದೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದು, ಬೆನ್ನಿಗೆ ರದ್ದಿ ಕಾಗದದ ಪಟ್ಟಿ ಅಂಟಿಸಿದರೆ ಪುಸ್ತಕಕ್ಕೆ ಬೆನ್ನುಮೂಳೆ ಬಂದಂತೆ. ಹದಿಮೂರನೆಯ ವಯಸ್ಸಿನಿಂದ ಅವಳು ಮಾಡುತ್ತಾ ಬಂದದ್ದು ಇದನ್ನೇ. ಈಗ ಅವಳಿಗೆ ಮೂವತ್ತೊಂಬತ್ತು.

ಅಪ್ಪ ಹಾಸಿಗೆ ಹಿಡಿದ ವರ್ಷ ಅವಳನ್ನು ಏಳನೇ ತರಗತಿಗೇ ಶಾಲೆ ಬಿಡಿಸಿದವನು ಅಣ್ಣ. ಲೇತ್ ಮೆಷಿನ್ ಮೇಲೆ ಕೆಲಸ ಮಾಡುವ ಅವನು ಆಗಷ್ಟೇ ಮೀಸೆ ಮೂಡಿದ ಹುಡುಗ. "ಇವಳು ಓದಿ ಏನು ಕಡಿದು ಕಟ್ಟೆ ಹಾಕಬೇಕಾಗಿದೆ" ಎಂದು ಹೇಳಿ, ಅವಳ ಪುಸ್ತಕಗಳನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟ. ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಮೂರು ವರ್ಷದ ಹಿಂದೆ ಒಂದು ಪದಬಂಧದ ಪತ್ರಿಕೆ ಹೊಲಿಯುವಾಗ ಕೊನೆಯ ಪುಟದಲ್ಲಿ ಒಂದು ಫೋನ್ ನಂಬರ್ ಕಂಡಳು. 'ಕೊಂಡಿ' ಎಂಬ ಗುಂಪು, ಮೊಬೈಲಿನಲ್ಲಿ ಆಡುವ ವಾಕ್ಯದ ಆಟ. ಒಬ್ಬರ ವಾಕ್ಯದ ಕೊನೆಯ ಪದದಿಂದಲೇ ಮುಂದಿನವರ ವಾಕ್ಯ ಶುರುವಾಗಬೇಕು. ಸರದಿ ಬಂದವರು ಒಂದು ದಿನದೊಳಗೆ ಬರೆಯಬೇಕು. ತಪ್ಪಿದರೆ ಸರಪಳಿ ಕಡಿದಂತೆ, ಮತ್ತೆ ಒಂದರಿಂದ ಎಣಿಕೆ. ಹೆದರುತ್ತಲೇ ಸೇರಿಕೊಂಡು, 'ಸೂಜಿದಾರ' ಎಂದು ಹೆಸರಿಟ್ಟುಕೊಂಡಳು.

ಹನ್ನೆರಡು ಜನರ ಸಾಲಿನಲ್ಲಿ ಅವಳಿಗಿಂತ ಮೊದಲಿನ ಸರದಿ ಒಬ್ಬ ವಕೀಲೆಯದು. ಎಲ್ಲರೂ ಆಕೆಯನ್ನು ಲಾಯರಮ್ಮ ಎನ್ನುತ್ತಿದ್ದರು. ಸೂಜಿದಾರಳ ನಂತರದ ಸರದಿ ಈ ಗುಂಪು ಕಟ್ಟಿದ ನಿವೃತ್ತ ಮೇಷ್ಟ್ರದು. ಲಾಯರಮ್ಮನಿಗೆ ವಾಕ್ಯದ ತುದಿಯಲ್ಲಿ ಗಟ್ಟಿ ಕ್ರಿಯಾಪದ ಇಟ್ಟು ಸಿಕ್ಕಿಸುವ ಚಪಲ. ಒಮ್ಮೆ ಆಕೆ 'ಗಾಳಿಗೆ ಬಾಗಿಲು ದಡಾರನೆ ಮುಚ್ಚಿತು' ಎಂದು ಬರೆದು ಕೈಕಟ್ಟಿ ಕುಳಿತಳು. ಸೂಜಿದಾರ ಮರುದಿನ ಊಟದ ಹೊತ್ತಿಗೆ ಬರೆದಳು: 'ಮುಚ್ಚಿತು ಎಂದುಕೊಂಡ ಗಾಯವೇ ಮೊದಲು ತುರಿಸುವುದು ಚಳಿಗಾಲದಲ್ಲಿ.' ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದವು.

ಆ ಒಂದು ಸಾಲಿನ ಹಿಂದೆ ಎಷ್ಟು ಪಾಡಿತ್ತೆಂದು ಅವರಿಗೇನು ಗೊತ್ತು. ಮಡಚುತ್ತಾ ಮಡಚುತ್ತಾ ಮನಸ್ಸಿನಲ್ಲಿ ಕಟ್ಟುವುದು, ರದ್ದಿ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು, ಅನುಮಾನದ ಪದವನ್ನು ಎದುರಿಗಿದ್ದ ಫಾರಂಗಳಲ್ಲಿ ಹುಡುಕಿ ತಿದ್ದುವುದು, ಕೈಯ ಅಂಟು ತೊಳೆದುಕೊಂಡು ಒಂದೇ ಬೆರಳಿನಲ್ಲಿ ಒತ್ತುವುದು. ಮೂರು ವರ್ಷದಲ್ಲಿ ಅವಳಿಂದ ಒಂದು ಕಾಗುಣಿತದ ತಪ್ಪೂ ಬರಲಿಲ್ಲ. ಹಾಗಾಗಿ ಎಲ್ಲರೂ ಅವಳನ್ನು ಕಾಲೇಜಿನಲ್ಲಿ ಪಾಠ ಹೇಳುವವಳೆಂದೇ ತಿಳಿದರು. 'ನಿಮ್ಮ ವಿದ್ಯಾರ್ಥಿಗಳು ಪುಣ್ಯವಂತರು' ಎಂದು ಗುಂಪಿನಲ್ಲಿದ್ದ ಔಷಧಿ ಅಂಗಡಿಯವರು ಬರೆದಿದ್ದರು. ಅಲ್ಲ ಎಂದು ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿ ಮತ್ತೆ ಅಳಿಸಿದಳು. ನಿಜ ಹೇಳದೆ ಬಿಟ್ಟ ಆ ತಪ್ಪು ಮಾತ್ರ ಅವಳದೇ.

ಸರಪಳಿ ಎರಡು ಸಾವಿರದ ನಾನೂರು ದಾಟಿದಾಗ ಪುಸ್ತಕ ಮಾಡಿಸುವ ಮಾತು ಬಂತು. ಪ್ರತಿ ವಾಕ್ಯದ ಕೆಳಗೆ ಬರೆದವರ ನಿಜವಾದ ಹೆಸರು ಹಾಕುತ್ತಾರಂತೆ. ಅಂದು ಸಂಜೆ ಅವಳು ತಡೆಯಲಾರದೆ ಊಟಕ್ಕೆ ಕೂತ ಅಣ್ಣನ ಮುಂದೆ ಬಾಯಿಬಿಟ್ಟಳು.

"ಅಣ್ಣಾ, ಒಂದು ಪುಸ್ತಕದಲ್ಲಿ ನನ್ನ ಹೆಸರು ಬರುತ್ತೆ."

"ಯಾವುದ್ರಲ್ಲಿ, ಟೆಲಿಫೋನ್ ಪುಸ್ತಕದಲ್ಲಾ? ಅದನ್ನ ಅಚ್ಚು ಹಾಕೋದು ನಿಲ್ಲಿಸಿ ಯಾವ ಕಾಲ ಆಯ್ತು."

"ನಾನು ಬರೆದಿರೋದು ಕಣೋ. ಇನ್ನೂರ ಆರು ವಾಕ್ಯ."

ಅಣ್ಣ ಅಗಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. "ತಗೊಂಡು ಬಾ. ನೋಡಿದ ಮೇಲೆ ಮಾತು."

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅಚ್ಚಾದ ತನ್ನ ಹೆಸರಿನ ಮೇಲೆ ಅಣ್ಣನ ಬೆರಳು ಇಡಿಸಬೇಕು, ಇಪ್ಪತ್ತಾರು ವರ್ಷದ ಮುಳ್ಳು ಆ ಕ್ಷಣದಲ್ಲಿ ಬಿದ್ದುಹೋಗಬೇಕು.

ಪುಸ್ತಕದ ಮಾತುಕತೆಗೆ ಗುಂಪಿನವರು ಮೊದಲ ಸಲ ಮುಖಾಮುಖಿಯಾದರು, ಲಾಯರಮ್ಮನ ಮನೆಯಲ್ಲಿ. ಮೆತ್ತನೆಯ ಕುರ್ಚಿಯ ಅಂಚಿನಲ್ಲಿ ಕುಳಿತ ಅವಳನ್ನು ಮೇಷ್ಟ್ರು ಎದ್ದು ನಿಂತು ಮಾತಾಡಿಸಿದರು. "ನೀವೇನಾ ಸೂಜಿದಾರ? ನಿಮ್ಮ ವಾಕ್ಯ ಓದದೆ ನನಗೆ ಬೆಳಗಾಗಲ್ಲ, ಬನ್ನಿ, ಇಲ್ಲಿ ಕೂತ್ಕೊಳ್ಳಿ." ಅವಳು ಎದ್ದು ಅವರ ಪಕ್ಕ ಹೋಗಿ ಕುಳಿತಳು.

ಅಚ್ಚು, ಕಾಗದ, ರಟ್ಟು ಎಂದೆಲ್ಲ ಮಾತಾಗಿ ಬೈಂಡಿಂಗ್ ಎಲ್ಲಿ ಮಾಡಿಸುವುದೆಂಬ ಪ್ರಶ್ನೆ ಬಂದಾಗ, ಅವಳು ಆ ದಿನ ಮೊದಲ ಸಲ ತಾನಾಗಿ ಬಾಯಿ ತೆರೆದಳು. "ನಾನೇ ಹೊಲೀತೀನಿ. ನನ್ನ ಕೆಲಸ ಅದೇ."

"ಅಂದ್ರೆ ಅಂಗಡಿ ನಿಮ್ಮದಾ?" ಲಾಯರಮ್ಮ ಕೇಳಿದಳು.

"ಅಲ್ಲ. ನಾನು ಹೊಲಿಯೋಳು."

ಲಾಯರಮ್ಮ ಕಾಫಿ ಲೋಟ ಕೆಳಗಿಟ್ಟು ಮೇಷ್ಟ್ರ ಕಡೆ ನೋಡಿದಳು.

"ಹೌದೇನಮ್ಮ," ಎಂದರು ಮೇಷ್ಟ್ರು. "ಎಷ್ಟರವರೆಗೆ ಓದಿದೀಯ?"

"ಏಳು."

"ಏಳಾ? ಪರವಾಗಿಲ್ಲ ನೀನು. ಭೇಷ್."

ಭೇಷ್ ಎಂದದ್ದನ್ನು ಅವಳು ಕೇಳಿಸಿಕೊಂಡಳು. 'ನೀವು' ಹೋಗಿ 'ನೀನು' ಬಂದದ್ದೂ ಕೇಳಿಸಿತು, ಆದರೆ ದೊಡ್ಡವರು, ಸಲಿಗೆ ಇರಬೇಕು ಎಂದು ತಾನೇ ಸಮಾಧಾನ ಮಾಡಿಕೊಂಡಳು. ಹೊರಡುವಾಗ ಲಾಯರಮ್ಮ ಉಳಿದವರ ಜೊತೆ ಬಾಗಿಲವರೆಗೆ ಬಂದಳು. ಇವಳಿಗೆ ಮಾತ್ರ ಕೂತಲ್ಲಿಂದಲೇ ಹೇಳಿದಳು, "ಆ ಲೋಟಗಳನ್ನ ಸ್ವಲ್ಪ ಒಳಗಿಡ್ತೀಯಾ, ಹೋಗೋವಾಗ." ಅವಳು ಇಟ್ಟಳು.

ಎರಡು ತಿಂಗಳಾದ ಮೇಲೆ ಹಾಳೆಗಳು ಅಂಗಡಿಗೆ ಬಂದವು. ಹನ್ನೆರಡು ಫಾರಂ, ಮುನ್ನೂರು ಪ್ರತಿ. ಆ ದಿನ ಅವಳು ಕೈಗಳನ್ನು ಎರಡು ಸಲ ತೊಳೆದುಕೊಂಡು ಮೊದಲ ಹಾಳೆ ಮಡಚಿದಳು. ಮೇಷ್ಟ್ರ ವಾಕ್ಯ, ಕೆಳಗೆ ಹೆಸರು, ಹೆಸರಿನ ಮುಂದೆ ಪದವಿ. ಔಷಧಿ ಅಂಗಡಿಯವರದು, ಹೆಸರು, ಪದವಿ. ಲಾಯರಮ್ಮನದು, ಹೆಸರು, ಎರಡು ಪದವಿ. ಆಮೇಲೆ ತನ್ನ ವಾಕ್ಯ. ಕೆಳಗೆ ಹೆಸರಿನ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ 'ಸಂಗ್ರಹ' ಎಂದಿತ್ತು, ಎಲ್ಲಿಂದಲೋ ಆಯ್ದು ತಂದದ್ದೆಂಬಂತೆ.

ಮುಂದಿನದೂ ಸಂಗ್ರಹ. ಅದರ ಮುಂದಿನದೂ. ಹನ್ನೆರಡೂ ಫಾರಂ ತಿರುವಿದಳು. ವಾಕ್ಯಗಳೇನೋ ಒಂದೂ ಬಿಟ್ಟುಹೋಗಿರಲಿಲ್ಲ. ಬಿಟ್ಟಿದ್ದರೆ ಸರಪಳಿ ಕಡಿದುಹೋಗುತ್ತಿತ್ತಲ್ಲ. ಕೊನೆಯ ಪುಟದ ತಳದಲ್ಲಿ 'ಬೈಂಡಿಂಗ್' ಎಂದು, ಅದರ ಎದುರು ಅಂಗಡಿಯ ಹೆಸರಿತ್ತು.

ಮೆಟ್ಟಿಲ ಬಳಿ ಹೋಗಿ ಮೇಷ್ಟ್ರಿಗೆ ಫೋನ್ ಮಾಡಿದಳು.

"ನೋಡಮ್ಮ, ಎಲ್ಲರ ಹೆಸರಿನ ಜೊತೆ ಓದು ಹಾಕೋಣ ಅಂತ ತೀರ್ಮಾನ ಆಯ್ತು. ನಿನ್ನದು ಒಂದೇ ಖಾಲಿ ಕಂಡರೆ ನಿನಗೇ ಮುಜುಗರ. ನಿನ್ನ ಮರ್ಯಾದೆಗೋಸ್ಕರಾನೇ ಹಾಗೆ ಮಾಡಿದ್ದು."

"ಖಾಲಿ ಇದ್ರೂ ಆಗ್ತಿತ್ತು, ಸರ್."

"ಈಗ ಅಚ್ಚಾಗಿ ಹೋಯ್ತಲ್ಲ. ನಿಮ್ಮ ಅಂಗಡಿ ಹೆಸರು ಹಾಕಿದೀವಿ, ನೋಡಿದ್ಯಾ? ಭಾನುವಾರದೊಳಗೆ ಆಗುತ್ತೆ ತಾನೆ?"

ಅವಳು ಆಗುತ್ತೆ ಎಂದಳು.

ಅಂಗಡಿಯಲ್ಲಿ ಕಾಗದ ಕತ್ತರಿಸುವ ಯಂತ್ರದ ಮುದುಕನಿಗೆ ಅವಳ ಮುಖ ಕಂಡೇ ಸಂಗತಿ ಅರ್ಧ ತಿಳಿಯಿತು. ಉಳಿದರ್ಧ ಕೇಳಿ ತಿಳಿದುಕೊಂಡ. "ಮೂರನೇ ಫಾರಂ ಕೆಳಗೆ ಐದನೇದು ಇಟ್ಟು ಹೊಲಿದುಬಿಡು ಮಗಳೇ. ಸರಪಳಿ ಅಂತೆ ಸರಪಳಿ. ಮುನ್ನೂರೂ ಕಡಿದುಹೋಗಲಿ. ಕೇಳಿದ್ರೆ ನನ್ನ ಕಣ್ಣು ಮಂಜು, ನಾನೇ ಜೋಡಿಸಿದ್ದು ಅಂತೀನಿ."

"ಕೈ ಬರಲ್ಲ ತಾತ."

"ಹಾಗಾದ್ರೆ ಬೆನ್ನಿನ ಪಟ್ಟಿ ಮೇಲೆ ನಿನ್ನ ಹೆಸರು ಬರೆದು ಅಂಟಿಸು. ರಟ್ಟಿನೊಳಗೆ ಇರುತ್ತೆ."

"ಯಾರೂ ನೋಡದ ಕಡೆ ಹೆಸರು ಬರೆಯೋಕೆ ನಾನೇನು ಕದ್ದಿದೀನಾ?"

ಮುದುಕ ತನ್ನ ಯಂತ್ರದ ಕಡೆ ತಿರುಗಿದ. ಅವಳು ಮುನ್ನೂರು ಪ್ರತಿಯನ್ನೂ ನೆಟ್ಟಗೆ ಹೊಲಿದಳು. ಒಂದು ಹೊಲಿಗೆಯೂ ಸಡಿಲ ಬಿಡಲಿಲ್ಲ.

ಗುಂಪಿನವರು ಕೊಟ್ಟ ಒಂದು ಪ್ರತಿ ಅಣ್ಣನ ಕೈಸೇರಿತು. ಅವನು ಕನ್ನಡಕ ಹಾಕಿಕೊಂಡು, ಲೇತಿಗೆ ಸಿಕ್ಕು ತುದಿ ತುಂಡಾದ ಹೆಬ್ಬೆರಳಿನಿಂದ ಪುಟ ತಿರುವಿದ.

"ಎಲ್ಲೇ ನಿನ್ನ ಹೆಸರು?"

"ಇದು ನಂದು. ಇದೂ."

"ಸಂಗ್ರಹ ಅಂತಿದೆ."

"ನಂದೇ ಅಣ್ಣಾ."

"ಹೌದು ಕಣೇ. ನಲ್ಲಿಯಲ್ಲಿ ಬರೋ ನೀರೂ ನಿಂದೇ. ಬೀದಿ ದೀಪಾನೂ ನಿಂದೇ."

ಅವಳು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಅಣ್ಣನ ದನಿ ಬಂತು, ಈ ಸಲ ಅದರಲ್ಲಿ ಕುಚೋದ್ಯ ಇರಲಿಲ್ಲ. "'ಮುಚ್ಚಿತು ಎಂದುಕೊಂಡ ಗಾಯವೇ ಮೊದಲು ತುರಿಸುವುದು ಚಳಿಗಾಲದಲ್ಲಿ.' ನನ್ನ ಹೆಬ್ಬೆರಳಿನ ವಿಷಯ ಇವನಿಗೆ ಯಾರು ಹೇಳಿದ್ರು? ಚೆನ್ನಾಗಿ ಬರೆದಿದಾನೆ. ಯಾರೇ ಇದು?"

ಅವಳು ನಲ್ಲಿ ನಿಲ್ಲಿಸಿದಳು. "ಗೊತ್ತಿಲ್ಲ," ಎಂದಳು. ಮತ್ತೆ ನಲ್ಲಿ ತಿರುಗಿಸಿದಳು.

ಮರುದಿನ ಮಧ್ಯಾಹ್ನ ಅವಳ ಸರದಿ ಬಂತು. ಲಾಯರಮ್ಮ ಬರೆದಿದ್ದಳು: 'ಮೂರು ಅಂಗಡಿ ತಿರುಗಿದರೂ ನನ್ನ ಅಳತೆಯ ಚಪ್ಪಲಿ ಸಿಗಲಿಲ್ಲ.' ಮಡಚುತ್ತಿದ್ದ ಕೈ ತನ್ನಷ್ಟಕ್ಕೇ ನಿಂತು ಪೆನ್ಸಿಲ್ ಹಿಡಿಯಿತು. ರದ್ದಿ ಪಟ್ಟಿಯ ಮೇಲೆ ಬರೆದಳು: 'ಸಿಗಲಿಲ್ಲ ಎಂದು ಎಲ್ಲರೂ ಹುಡುಕುವುದನ್ನು ಬಿಟ್ಟ ಮೇಲೆ, ಜೇಬಿನ ಹರಿದ ಮೂಲೆಯಲ್ಲೇ ಇತ್ತು ಬೀಗದ ಕೈ.' ಎರಡು ಸಲ ಓದಿಕೊಂಡಳು. ತಿದ್ದುವುದೇನೂ ಇರಲಿಲ್ಲ.

ಕಳಿಸಲಿಲ್ಲ. ನಾನು ಬರೆಯದಿದ್ದರೆ ಕಡಿಯುತ್ತದೆ, ಮತ್ತೆ ಒಂದರಿಂದ ಎಣಿಸಬೇಕು, ಆಗಲಾದರೂ ಯಾಕೆ ಎಂದು ಕೇಳುತ್ತಾರೆ. ಹಾಗೆ ಅಂದುಕೊಂಡು ಒಂದು ದಿನ ಪೂರ್ತಿ ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಂಡಳು.

ಮರುದಿನ ಗಡುವು ಮುಗಿದು ಐದು ನಿಮಿಷಕ್ಕೆ ಫೋನ್ ಮಿನುಗಿತು. ಮೇಷ್ಟ್ರು ಬರೆದಿದ್ದರು: ಇನ್ನು ಮುಂದೆ ಒಬ್ಬರು ತಪ್ಪಿದರೆ ಮುಂದಿನವರು ಅದೇ ಪದದಿಂದ ಮುಂದುವರಿಸಬಹುದು, ಪುಸ್ತಕವಾದ ಸರಪಳಿ ಕಡಿಯಬಾರದು. ಅದರ ಕೆಳಗೇ ಅವರ ವಾಕ್ಯ: 'ಸಿಗಲಿಲ್ಲ ಎಂದು ಅಳುವವರು ಪ್ರಯತ್ನವನ್ನು ಮಾಡಬೇಕು.' ಹತ್ತು ಜನ ಚಪ್ಪಾಳೆ ತಟ್ಟಿದರು. 'ಮಾಡಬೇಕು' ಬದಲು ಬರೀ 'ಬೇಕು' ಹಿಡಿದು ಹೊರಡಲು ಔಷಧಿ ಅಂಗಡಿಯವರು ಅನುಮತಿ ಕೇಳಿದರು, ಮೇಷ್ಟ್ರು ಕೊಟ್ಟರು. ಸೂಜಿದಾರ ಎಲ್ಲಿ ಎಂದು ಯಾರೂ ಕೇಳಲಿಲ್ಲ.

"ಆ ಹಾಜರಿ ಪುಸ್ತಕದ ಬೆನ್ನು ಅಂಟಿಸಿದ್ಯಾ?" ಎಂದ ಯಂತ್ರದ ಮುದುಕ.

ಅವಳು ಕೈಗೆ ಸಿಕ್ಕ ಪಟ್ಟಿಗೆ ಅಂಟು ಹಚ್ಚಿ ಬೆನ್ನಿನ ಮೇಲೆ ಒತ್ತಿದಳು. ಒತ್ತಿದ ಮೇಲೆ ನೋಡಿದಳು, ಹಿಂದಿನ ದಿನ ಬರೆದ ವಾಕ್ಯದ ಪೆನ್ಸಿಲಿನ ಅಕ್ಷರ ಒದ್ದೆಯೊಳಗಿಂದ ಉಲ್ಟಾ ಕಾಣುತ್ತಿತ್ತು. ಕಿತ್ತು ತೆಗೆಯಲು ಇನ್ನೂ ಸಮಯವಿತ್ತು. ಅವಳು ಮೇಲೆ ರಟ್ಟು ಹೊದಿಸಿ, ಭಾರ ಇಟ್ಟು, ಮುಂದಿನ ಪುಸ್ತಕ ಎತ್ತಿಕೊಂಡಳು.