ನೂರರವರೆಗೆ ಎಣಿಸುವ ಕೆಲಸ

"ಅಮ್ಮಾ, ನಾನು ಹುಳದ ಥರ ಸತ್ತ ಆಟ ಆಡಿದ್ರೆ ಜರಡಿ ಅಜ್ಜಿ ನನ್ನ ಕೆನ್ನೆಗೆ ಯಾಕೆ ಹೊಡೆದ್ರು?"

ದಿನವೂ ಮಗಳನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುವ ತಾಯಿಗೆ ಮೈಯೆಲ್ಲ ಉರಿಯಿತು. ಇನ್ನು ಮಗುವನ್ನು ಇಲ್ಲಿ ಬಿಡುವುದಿಲ್ಲ ಎಂದು ಹೇಳಿಬಿಡಲು ಹೊರಟೇಬಿಟ್ಟಳು.

ಅಜ್ಜಿ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದರು. ಮುಂದೆ ಗೋಧಿ, ಜರಡಿ, ಬಿಳಿ ತಟ್ಟೆ. ಹಿಟ್ಟಿನ ಗಿರಣಿಯಲ್ಲಿ ಮೂವತ್ತು ವರ್ಷ ಅವರದು ಇದೇ ಕೆಲಸವಾಗಿತ್ತು: ಬಂದ ಮೂಟೆಯಿಂದ ಒಂದಿಷ್ಟು ಕಾಳು ತೆಗೆದು ಜರಡಿ ಆಡಿಸಿ, ತಟ್ಟೆಗೆ ಉದುರಿದ ಹುಳಗಳಲ್ಲಿ ಬದುಕಿರುವುದು ಎಷ್ಟು ಎಂದು ಬರೆಯುವುದು. ಹಿಟ್ಟಿನಲ್ಲಿರುವ ಕೆಂಪು ಹುಳದ್ದೇನೂ ಗೋಳಿಲ್ಲ. ಬೆಳಕು ಬಿದ್ದರೆ ಸಾಕು, ಕಾಲಿಗೆ ಬುದ್ಧಿ ಹೇಳುತ್ತದೆ. ಗಟ್ಟಿ ಕಾಳು ಕೊರೆಯುವ ತಾಕತ್ತು ಅದಕ್ಕಿಲ್ಲ, ನುಚ್ಚು, ಹಿಟ್ಟು ಇದ್ದಲ್ಲೇ ಅದರ ಸಂಸಾರ. ಸೊಂಡಿಲ ಹುಳವೋ ಮಹಾ ಕಿಲಾಡಿ. ಕಾಳಿಗೆ ತೂತು ಕೊರೆದು ಮೊಟ್ಟೆಯಿಟ್ಟು ತೂತಿನ ಬಾಯಿ ಮುಚ್ಚುತ್ತದೆ. ಮರಿ ಒಳಗೇ ತಿಂದುಂಡು ಬೆಳೆಯುತ್ತದೆ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬಿದ್ದುಬಿಡುತ್ತದೆ. ಅದಕ್ಕೇ ಅಜ್ಜಿ ನೂರು ಎಣಿಸದೆ ಯಾವ ಹುಳವನ್ನೂ ಸತ್ತದ್ದೆಂದು ಬರೆದವರಲ್ಲ.

"ಮಗು ಮೇಲೆ ಕೈ ಮಾಡೋದಾ ಅಜ್ಜಿ?"

"ತಪ್ಪಾಯ್ತಮ್ಮ. ಕಣ್ಣು ಮುಚ್ಚಿ ಬಿದ್ದಿದ್ಲು. ಎಬ್ಬಿಸೋಕೆ ಅಂತ ತಟ್ಟಿದೆ, ಏಟು ಜೋರಾಗೇ ಬಿತ್ತು."

ಅಜ್ಜಿ ತಲೆಯೆತ್ತಲಿಲ್ಲ.

"ನಮ್ಮನೆಯೋರು ಅದೇ ಗಿರಣೀಲಿ ಮೂಟೆ ಹೊರೋರು. ನಾನು ಎಣಿಸ್ತಾ ಕೂತ್ರೆ, ಮೂಟೆ ಮೇಲೆ ಉರುಳ್ಕೊಂಡು, 'ಲೇ, ಇಲ್ಲೊಂದು ದೊಡ್ಡ ಸೊಂಡಿಲ ಹುಳ ಸತ್ತಿದೆ, ಎಣಿಸೇ' ಅನ್ನೋರು. ನೂರಕ್ಕೆ ಸರಿಯಾಗಿ ಕಣ್ಣು ಹೊಡೆದು ಏಳೋರು. ಅವತ್ತು ಏನೂ ಅನ್ನದೆ ಬಿದ್ದಿದ್ರು. ನಾನು ಎಣಿಸಿದೆ. ನೂರಕ್ಕೆ ಏಳಲಿಲ್ಲ. ಆಟ ಬೆಳೆಸ್ತಿದಾರೆ ಅಂತ ನಗ್ತಾ ನಗ್ತಾ ಇನ್ನೊಂದು ನೂರು ಎಣಿಸಿದೆ." ಜರಡಿಯ ಅಂಚನ್ನು ಸೆರಗಿನಿಂದ ಒರೆಸಿದರು. "ಡಾಕ್ಟ್ರು, 'ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ...' ಅಂದ್ರು. ಅಷ್ಟೇ ಅಂದಿದ್ದು."

ತಾಯಿ ಅಜ್ಜಿಯ ಪಕ್ಕದಲ್ಲಿ ಕುಳಿತು, ಚೆಲ್ಲಿದ್ದ ಗೋಧಿಯನ್ನು ಒಂದೊಂದೇ ಕಾಳು ಆರಿಸಿದಳು.

"ನಾಳೆ ಒಂಬತ್ತಕ್ಕೆ ಅವಳನ್ನ ಕರ್ಕೊಂಡು ಬರ್ತೀನಿ ಅಜ್ಜಿ."

ಅಜ್ಜಿ ಸೊಂಟದಿಂದ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟರು.

"ಒಂದು ಉಪಕಾರ ಮಾಡ್ತೀಯಾ? ಬೆಳಿಗ್ಗೆ ನನ್ನ ಬಾಗಿಲು ತೆಗೀದೇ ಇದ್ರೆ, ಮುದುಕಿ ಮಲಗಿರ್ತಾಳೆ ಬಿಡು ಅಂತ ಕಾಯಬೇಡ. ಒಳಗೆ ಬಂದು ಅಲುಗಾಡಿಸು. ಎಣಿಸಬೇಡಮ್ಮ."